ಲೋಕವಿಚಾರ: ಗವರ್ನರನನ್ನು ಇಳಿಸುವವರು ಯಾರು?

ಕಳೆದ ಸಂಚಿಕೆಯು ವಾಚಕರ ಕೈಸೇರಿದ ಕೆಲವೇ ದಿನಗಳಲ್ಲಿ ಕಲಬುರಗಿಯ ಮೋಮಿನಪುರದಿಂದ ನಮಗೊಂದು ದೀರ್ಘವಾದ ಕಾಗದವು ಬಂದಿತು. ಬರೆದವರು ಬಹುಕಾಲ ಪಾಠಶಾಲೆಯಲ್ಲಿ ಪೌರನೀತಿಯನ್ನು ಬೋಧಿಸಿ ಈಗ ವಿಶ್ರಾಂತರಾಗಿರುವ ಮಹನೀಯರು. ವಯಸ್ಸು ಎಂಬತ್ತನ್ನು ದಾಟಿದೆ. ಅಕ್ಷರಗಳು ಅಲ್ಲಲ್ಲಿ ನಡುಗಿವೆಯಾದರೂ ವಿಚಾರವು ಎಲ್ಲಿಯೂ ನಡುಗಿಲ್ಲ. ಅವರ ಮಾತುಗಳನ್ನೇ ಸ್ವಲ್ಪ ಸಂಗ್ರಹಿಸಿ ಕೊಡುತ್ತೇವೆ.

“ನನ್ನ ಮಗಳ ಮಗನು ಅಮೆರಿಕಾದ ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್ ನಗರದಲ್ಲಿ ನೆಲಸಿ ಅಲ್ಲಿಯ ಪೌರನೂ ಆಗಿದ್ದಾನೆ. ಮೊನ್ನೆ ಫೋನಿನಲ್ಲಿ ಮಾತನಾಡುತ್ತ, ‘ನಾನಾ, ಇಲ್ಲಿ ಗವರ್ನರರನ್ನು ನಾವೇ ಆರಿಸುತ್ತೇವೆ, ಒಮ್ಮೆ ಆರಿಸಿದೆವೆಂದರೆ ನಾಲ್ಕು ವರುಷ ದೇಶದ ಅಧ್ಯಕ್ಷರೂ ಅವರನ್ನು ಅಲುಗಾಡಿಸಲಾರರು’ ಎಂದನು. ಗವರ್ನರರನ್ನು ರಾಷ್ಟ್ರಪತಿಗಳು ನೇಮಿಸುವರೆಂದೂ, ಅವರ ಇಚ್ಛೆಯಿರುವವರೆಗೆ ಮಾತ್ರ ಆ ಹುದ್ದೆಯೆಂದೂ ಜೀವಮಾನವೆಲ್ಲ ಹುಡುಗರಿಗೆ ಕಲಿಸಿದವನು ನಾನು. ಹಾಗಾದರೆ ನಮ್ಮ ಜಿಲ್ಲೆಯವರೇ ಆಗಿದ್ದ ವೀರೇಂದ್ರ ಪಾಟೀಲರೂ ಧರಮ್ ಸಿಂಗ್ ಅವರೂ ಆ ದೇಶದಲ್ಲಿ ಅಧಿಕಾರಕ್ಕೆ ಬಂದಿದ್ದರೆ ಅವಧಿಯನ್ನು ಮುಗಿಸುತ್ತಿದ್ದರೇ? ಮುಗಿಸಿದ್ದರೆ ಅದು ಜನಕ್ಕೆ ಒಳ್ಳೆಯದಾಗುತ್ತಿತ್ತೇ? ನಮ್ಮ ಕಟ್ಟೆಯ ಮೇಲೆ ಇದೇ ವಾದವಾಗಿದೆ. ತಾವು ತೀರ್ಪು ಕೊಡಬೇಕು.”

ತೀರ್ಪು ಕೊಡುವ ಯೋಗ್ಯತೆಯು ನಮಗಿಲ್ಲ. ಆದರೆ ಪ್ರಶ್ನೆಯು ಬಹು ಚೆನ್ನಾದುದು. ಅಮೆರಿಕಾದ ರಾಜ್ಯಪದ್ಧತಿಯನ್ನು ತಿಳಿಸಲೆಳಸುವ ಪುಸ್ತಕಗಳು ಸಾಮಾನ್ಯವಾಗಿ ಶಾಸನ, ಕಾರ್ಯ, ನ್ಯಾಯವೆಂಬ ಮೂರು ಅಂಗಗಳಿಂದ ಆರಂಭಿಸಿ ಓದುವವರನ್ನು ಎರಡನೆಯ ಪುಟದಲ್ಲಿಯೇ ನಿದ್ರೆಗೆ ಕಳುಹಿಸುತ್ತವೆ. ಕುರ್ಚಿಯಲ್ಲಿ ಕುಳಿತವನನ್ನು ಇಳಿಸುವವರು ಯಾರೆಂಬುದನ್ನು ಕೇಳಿದರೆ ಆ ಪದ್ಧತಿಯ ಮರ್ಮವೆಲ್ಲವೂ ತಾನಾಗಿ ಹೊರಬೀಳುವುದು.

ಮೊದಲು ಹೆಸರುಗಳ ತೊಡಕನ್ನು ಬಿಡಿಸಿಕೊಳ್ಳೋಣ. ಅಮೆರಿಕಾದಲ್ಲಿ ಗವರ್ನರನೆಂದರೆ ನಮ್ಮ ಮುಖ್ಯಮಂತ್ರಿಯ ಸ್ಥಾನದಲ್ಲಿರುವವನು, ರಾಜಭವನದಲ್ಲಿರುವವನಲ್ಲ. ಆ ದೇಶದ 50 ರಾಜ್ಯಗಳಲ್ಲಿಯೂ ಜನರು ಅವನನ್ನು ನೇರವಾಗಿ ಚುನಾಯಿಸುತ್ತಾರೆ. 48 ರಾಜ್ಯಗಳಲ್ಲಿ ಅವಧಿಯು ನಾಲ್ಕು ವರುಷ. ನ್ಯೂ ಹ್ಯಾಂಪ್‌ಶೈರ್ ಮತ್ತು ವರ್ಮಾಂಟ್ ಎಂಬ ಎರಡು ಸಣ್ಣ ರಾಜ್ಯಗಳಲ್ಲಿ ಮಾತ್ರ ಎರಡೇ ವರುಷ. ಹಾಗೆಯೇ ಅವರ ಅಧ್ಯಕ್ಷನು ನಮ್ಮ ರಾಷ್ಟ್ರಪತಿಯಂತೆ ಮಂತ್ರಿಮಂಡಲದ ಸಲಹೆಯ ಮೇರೆಗೆ ನಡೆಯುವವನಲ್ಲ. ನಮ್ಮ ರಾಷ್ಟ್ರಪತಿಯ ಗೌರವವೂ ನಮ್ಮ ಪ್ರಧಾನಮಂತ್ರಿಯ ಅಧಿಕಾರವೂ ಅಲ್ಲಿ ಒಬ್ಬನಲ್ಲಿಯೇ ಕೂಡಿವೆ. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಕಲಬುರಗಿಗೆ ಹಿಂದಿರುಗೋಣ.

ಚಿಂಚೋಳಿಯ ವೀರೇಂದ್ರ ಪಾಟೀಲರು ಎರಡು ಸಲ ಮುಖ್ಯಮಂತ್ರಿಗಳಾಗಿದ್ದರು. ಮೊದಲನೆಯದು 1968ರಿಂದ 1971ರವರೆಗೆ. ಎರಡನೆಯ ಸಲ, 1989ರ ಚುನಾವಣೆಯಲ್ಲಿ ಅವರ ಪಕ್ಷವು ವಿಧಾನಸಭೆಯ 224 ಸ್ಥಾನಗಳಲ್ಲಿ 178ನ್ನು ಗೆದ್ದಿತು. ಇಂತಹ ಬಹುಮತವುಳ್ಳ ಮುಖ್ಯಮಂತ್ರಿಗೆ ಭಯವೆಲ್ಲಿಯದೆಂದು ಎಲ್ಲರೂ ತಿಳಿದಿದ್ದರು. ಒಂದು ವರುಷ ತುಂಬುವ ಮೊದಲೇ, 1990ರ ಅಕ್ಟೋಬರಿನಲ್ಲಿ, ಅವರು ಅಸ್ವಸ್ಥರಾಗಿದ್ದಾಗ, ರಾಜ್ಯದಲ್ಲಿ ಕೋಮುಗಲಭೆಗಳೂ ನಡೆದಿದ್ದಾಗ, ಪಕ್ಷದ ಅಧ್ಯಕ್ಷರಾದ ರಾಜೀವ್ ಗಾಂಧಿಯವರು ಬಂದುಹೋಗುವಾಗ ಬೆಂಗಳೂರಿನ ವಿಮಾನನಿಲ್ದಾಣದಲ್ಲಿಯೇ ನಾಯಕತ್ವದ ಬದಲಾವಣೆಯನ್ನು ಸಾರಿಬಿಟ್ಟರು. ಕೆಲವು ದಿನ ರಾಷ್ಟ್ರಪತಿ ಆಳ್ವಿಕೆಯಾಗಿ, ಅಕ್ಟೋಬರ್ 17ರಂದು ಬಂಗಾರಪ್ಪನವರು ಅಧಿಕಾರ ವಹಿಸಿಕೊಂಡರು. ವಿಧಾನಸಭೆಯು ಅವಿಶ್ವಾಸವನ್ನು ಸೂಚಿಸಿರಲಿಲ್ಲ. ಮತದಾರನನ್ನು ಯಾರೂ ಕೇಳಿರಲಿಲ್ಲ.

ಜೇವರ್ಗಿಯ ಧರಮ್ ಸಿಂಗ್ ಅವರ ಕಥೆಯು ಬೇರೆ ಬಗೆಯದು. 2004ರ ಚುನಾವಣೆಯಲ್ಲಿ ಯಾವ ಪಕ್ಷಕ್ಕೂ ಬಹುಮತ ಬರಲಿಲ್ಲ: ಭಾರತೀಯ ಜನತಾ ಪಕ್ಷಕ್ಕೆ 79, ಕಾಂಗ್ರೆಸಿಗೆ 65, ಜಾತ್ಯತೀತ ಜನತಾದಳಕ್ಕೆ 58. ಕೊನೆಯ ಎರಡು ಪಕ್ಷಗಳು ಕೂಡಿದುದರಿಂದ ಮೇ 28ರಂದು ಧರಮ್ ಸಿಂಗ್ ಅವರು ಮುಖ್ಯಮಂತ್ರಿಗಳಾದರು. 2006ರ ಜನವರಿಯಲ್ಲಿ ಕುಮಾರಸ್ವಾಮಿಯವರು ತಮ್ಮ ಕಡೆಯ ಶಾಸಕರೊಡನೆ ಬೆಂಬಲವನ್ನು ಹಿಂತೆಗೆದುಕೊಂಡರು, ಸರ್ಕಾರವು ಉರುಳಿತು. ಇಲ್ಲಿ ಅನ್ಯಾಯವಾಯಿತೆಂದು ಹೇಳುವುದಕ್ಕೆ ನಿಯಮಗಳಲ್ಲಿ ಆಧಾರವಿಲ್ಲ. ಸಭೆಯ ವಿಶ್ವಾಸದಿಂದ ಹುಟ್ಟಿದ ಮಂತ್ರಿಮಂಡಲವು ಸಭೆಯ ವಿಶ್ವಾಸವು ತಪ್ಪಿದೊಡನೆ ಸಾಯತಕ್ಕದ್ದೇ.

ಈಗ ಮೊದಲನೆಯ ಪ್ರಶ್ನೆಗೆ ಉತ್ತರ: ಅಮೆರಿಕಾದಲ್ಲಿ ಈ ಎರಡೂ ನಡೆಯಲಾರವು. ಅಲ್ಲಿ ಪಕ್ಷದ ಅಧ್ಯಕ್ಷನು ವಿಮಾನನಿಲ್ದಾಣದಲ್ಲಿ ನಿಂತು ಏನನ್ನು ಸಾರಿದರೂ ಗವರ್ನರನು ಮರುದಿನ ಎಂದಿನಂತೆ ತನ್ನ ಕಚೇರಿಗೆ ಹೋಗುತ್ತಾನೆ. ಶಾಸನಸಭೆಯಲ್ಲಿ ಎದುರು ಪಕ್ಷಕ್ಕೆ ಬಹುಮತವಿದ್ದರೂ ಅವನ ಸ್ಥಾನಕ್ಕೆ ಕುಂದಿಲ್ಲ. ಅವನು ಸಭೆಯಿಂದ ಹುಟ್ಟಿದವನಲ್ಲ. ಸಭೆಯ ಸದಸ್ಯನೂ ಅಲ್ಲ. ಮತದಾರನು ಒಂದು ಕೈಯಿಂದ ಅವನನ್ನೂ ಇನ್ನೊಂದು ಕೈಯಿಂದ ಸಭೆಯನ್ನೂ ಪ್ರತ್ಯೇಕವಾಗಿ ಆರಿಸಿರುತ್ತಾನೆ. ದೇಶದ ಅಧ್ಯಕ್ಷನ ಸ್ಥಿತಿಯೂ ಇದೇ: ನಾಲ್ಕು ವರುಷಗಳ ನಿಶ್ಚಿತ ಅವಧಿ, ಮತ್ತು 1951ರಲ್ಲಿ ಜಾರಿಗೆ ಬಂದ ತಿದ್ದುಪಡಿಯ ಮೇರೆಗೆ ಎರಡು ಸಲಕ್ಕಿಂತ ಹೆಚ್ಚಾಗಿ ಯಾರೂ ಆ ಹುದ್ದೆಗೆ ಚುನಾಯಿತರಾಗುವಂತಿಲ್ಲ.

ದಿಲ್ಲಿಯ ಕೈಯ ವಿಚಾರವನ್ನೂ ಇಲ್ಲಿಯೇ ಹೇಳಿಬಿಡುವುದು ಮೇಲು. 1989ರ ಏಪ್ರಿಲಿನಲ್ಲಿ ನಮ್ಮ ಎಸ್. ಆರ್. ಬೊಮ್ಮಾಯಿಯವರ ಸರ್ಕಾರವನ್ನು, ಕೆಲವು ಶಾಸಕರ ಪತ್ರಗಳನ್ನಾಧರಿಸಿದ ರಾಜ್ಯಪಾಲರ ವರದಿಯ ಮೇಲೆ, ಕೇಂದ್ರವು ವಜಾ ಮಾಡಿತು. ಸಭೆಯಲ್ಲಿ ಬಲವನ್ನು ಪರೀಕ್ಷಿಸಿರೆಂದು ಬೊಮ್ಮಾಯಿಯವರು ಬೇಡಿದರೂ ಕೇಳಲಿಲ್ಲ. ಐದು ವರುಷಗಳ ತರುವಾಯ, 1994ರ ಮಾರ್ಚ್ 11ರಂದು, ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠವು ಬಹುಮತವನ್ನು ಅಳೆಯತಕ್ಕ ಸ್ಥಳವು ರಾಜಭವನವಲ್ಲ, ವಿಧಾನಸಭೆಯೇ ಎಂದು ನಿರ್ಣಯಿಸಿತು. ಅಂದಿನಿಂದ ದೇಶದ ಎಲ್ಲ ರಾಜ್ಯಗಳ ಮುಖ್ಯಮಂತ್ರಿಗಳೂ ಆ ಕನ್ನಡಿಗರ ಹೆಸರಿನ ತೀರ್ಪಿನ ನೆರಳಿನಲ್ಲಿದ್ದಾರೆ. ಅಮೆರಿಕಾದಲ್ಲಾದರೋ ಇಂತಹ ತೀರ್ಪಿನ ಆವಶ್ಯಕತೆಯೇ ಬೀಳದು. ರಾಜ್ಯದ ಸರ್ಕಾರವನ್ನು ವಜಾ ಮಾಡುವ ವಿಧಿಯೇ ಅವರ ಸಂವಿಧಾನದಲ್ಲಿಲ್ಲ. 1957ರಲ್ಲಿ ಆರ್ಕನ್ಸಾ ರಾಜ್ಯದ ಗವರ್ನರರಾದ ಫೌಬಸ್ ಎಂಬವರು ಲಿಟ್ಲ್ ರಾಕ್ ನಗರದ ಶಾಲೆಗೆ ಒಂಬತ್ತು ಮಂದಿ ಕರಿಯ ಮಕ್ಕಳು ಹೋಗದಂತೆ ರಾಜ್ಯದ ಸೈನಿಕರಿಂದ ತಡೆಯಿಸಿದರು. ಅಧ್ಯಕ್ಷರಾದ ಐಸೆನ್‌ಹೋವರರು ದೇಶದ ಸೈನ್ಯವನ್ನು ಕಳುಹಿಸಿ, ರಾಜ್ಯದ ಸೈನಿಕರನ್ನೂ ತಮ್ಮ ಆಜ್ಞೆಗೆ ಒಳಪಡಿಸಿಕೊಂಡು, ಮಕ್ಕಳನ್ನು ಶಾಲೆಯೊಳಕ್ಕೆ ಕಳುಹಿಸಿದರು. ಸೈನ್ಯವನ್ನು ಕಸಿದುಕೊಳ್ಳಬಲ್ಲ ಅಧ್ಯಕ್ಷರಿಗೆ ಗವರ್ನರರ ಕುರ್ಚಿಯನ್ನು ಕಸಿದುಕೊಳ್ಳಲಾಗಲಿಲ್ಲ. ಅಷ್ಟೇ ಅಲ್ಲ, ಮರುವರುಷವೇ ಅದೇ ಫೌಬಸರು ಪುನಃ ಚುನಾಯಿತರಾದರು. ಸ್ಥಿರವಾದ ಕುರ್ಚಿಯನ್ನು ಹೊಗಳುವವರು ಈ ಒಂಬತ್ತು ಮಕ್ಕಳನ್ನು ಮರೆಯಬಾರದು.

ಹಾಗಾದರೆ ಗವರ್ನರನನ್ನು ಇಳಿಸುವ ಮಾರ್ಗವೇ ಇಲ್ಲವೇ? ಉಂಟು, ಆದರೆ ಕಡಿದಾದುದು. ತಪ್ಪನ್ನು ಎಸಗಿದನೆಂದು ರಾಜ್ಯದ ಕೆಳಮನೆಯು ದೋಷಾರೋಪಣೆ ಮಾಡಿ, ಮೇಲ್ಮನೆಯು ವಿಚಾರಣೆ ನಡೆಯಿಸಿ, ಸಾಧಾರಣವಾಗಿ ಮೂರರಲ್ಲೆರಡು ಪಾಲು ಮತದಿಂದ ದೋಷಿಯೆಂದು ತೀರ್ಮಾನಿಸಬೇಕು. 2009ರ ಜನವರಿಯಲ್ಲಿ ಇಲಿನಾಯ್ ರಾಜ್ಯದ ಸೆನೆಟ್ ಸಭೆಯು ಬ್ಲಗೋಯೆವಿಚ್ ಎಂಬ ಗವರ್ನರರನ್ನು ಒಂದೂ ವಿರೋಧವಿಲ್ಲದೆ 59 ಮತಗಳಿಂದ ತೆಗೆದುಹಾಕಿತು. ಕೆಲವು ರಾಜ್ಯಗಳಲ್ಲಿ ಮತದಾರರೇ ಸಹಿಗಳನ್ನು ಕೂಡಿಸಿ ನಡುವೆ ಚುನಾವಣೆಯನ್ನು ಬೇಡಬಹುದು. ಕ್ಯಾಲಿಫೋರ್ನಿಯಾದಲ್ಲಿ 2003ರಲ್ಲಿ ಹೀಗೆ ಒಬ್ಬ ಗವರ್ನರರನ್ನು ಇಳಿಸಿ, ಚಲಚ್ಚಿತ್ರನಟರಾದ ಶ್ವಾರ್ಜನೆಗರ್ ಅವರನ್ನು ಕೂರಿಸಿದರು. ಟೆಕ್ಸಾಸಿನಲ್ಲಿ ಈ ಎರಡನೆಯ ಅನುಕೂಲವಿಲ್ಲ, ಮೊದಲನೆಯದೊಂದೇ. ಅಲ್ಲಿ 1917ರಲ್ಲಿ ಜೇಮ್ಸ್ ಫರ್ಗುಸನ್ ಎಂಬ ಗವರ್ನರರು ಹೀಗೆ ದೋಷಿಯೆನಿಸಿ, ಮುಂದೆ ಆ ರಾಜ್ಯದಲ್ಲಿ ಯಾವ ಹುದ್ದೆಗೂ ಅನರ್ಹರಾದರು. ಆಗ ಅವರು ಮಾಡಿದುದೇನು? ತಮ್ಮ ಪತ್ನಿಯಾದ ಮಿರಿಯಂ ಅವರನ್ನು ನಿಲ್ಲಿಸಿದರು. ಆಕೆಯು 1924ರಲ್ಲಿಯೂ ಮರಳಿ 1932ರಲ್ಲಿಯೂ ಗೆದ್ದು ಗವರ್ನರರಾದರು. 1997ರಲ್ಲಿ ಬಿಹಾರದಲ್ಲಿ ಲಾಲೂ ಪ್ರಸಾದರು ಇಳಿದು ಪತ್ನಿಯಾದ ರಾಬ್ಡಿ ದೇವಿಯವರು ಮುಖ್ಯಮಂತ್ರಿಗಳಾದಾಗ ಲೋಕವೆಲ್ಲ ಬೆರಗಾಯಿತಷ್ಟೆ. ಗೃಹಸ್ಥರ ಬುದ್ಧಿಯು ಎಲ್ಲ ದೇಶಗಳಲ್ಲಿಯೂ ಒಂದೇ ದಾರಿಯಲ್ಲಿ ಓಡುವಂತಿದೆ. ಭೇದವಿಷ್ಟೇ: ಬಿಹಾರದಲ್ಲಿ ಒಪ್ಪಿಗೆಯನ್ನು ಕೊಟ್ಟವರು ಶಾಸಕರು, ಟೆಕ್ಸಾಸಿನಲ್ಲಿ ಮತದಾರರು.

ಅಧ್ಯಕ್ಷನನ್ನು ಇಳಿಸುವುದು ಇನ್ನೂ ದುಸ್ಸಾಧ್ಯ. ಪ್ರತಿನಿಧಿಸಭೆಯ ಸರಳ ಬಹುಮತದಿಂದ ಆರೋಪವನ್ನು ಹೊರಿಸಬಹುದು; ಸೆನೆಟ್ ಸಭೆಯ ಮೂರರಲ್ಲೆರಡು ಪಾಲು ಒಪ್ಪಿದರೆ ಮಾತ್ರ ಅಧಿಕಾರವು ಹೋಗುವುದು. ಆಂಡ್ರೂ ಜಾನ್ಸನ್ 1868ರಲ್ಲಿ ಒಂದೇ ಮತದಿಂದ ಉಳಿದುಕೊಂಡರು. 1999ರಲ್ಲಿ ಕ್ಲಿಂಟನ್, 2020ರಲ್ಲಿಯೂ 2021ರಲ್ಲಿಯೂ ಟ್ರಂಪ್ ಸೆನೆಟ್ಟಿನಲ್ಲಿ ಖುಲಾಸೆಯಾದರು. 1974ರಲ್ಲಿ ನಿಕ್ಸನ್ ತಾವಾಗಿಯೇ ರಾಜೀನಾಮೆ ಕೊಟ್ಟು ಹೊರಟರು. ಹೀಗೆ ಸೆನೆಟ್ಟಿನ ತೀರ್ಪಿನಿಂದ ಪದಚ್ಯುತನಾದ ಅಧ್ಯಕ್ಷನು ಇದುವರೆಗೆ ಒಬ್ಬನೂ ಇಲ್ಲ.

ಈ ಸಂದರ್ಭದಲ್ಲಿ ನಮ್ಮ ಸೀಮೆಯ ಒಬ್ಬರನ್ನು ನೆನೆಯಬೇಕಾಗಿದೆ. ಬೆಳಗಾವಿಯಲ್ಲಿ ಬೆಳೆದ ಶ್ರೀ ಠಾಣೇದಾರ್ ಎಂಬವರು 1979ರಲ್ಲಿ ಅಮೆರಿಕಾಕ್ಕೆ ಹೋಗಿ, ರಸಾಯನಶಾಸ್ತ್ರದಲ್ಲಿ ಡಾಕ್ಟರ್ ಪದವಿಯನ್ನು ಪಡೆದು, ವ್ಯಾಪಾರದಲ್ಲಿ ಹಣವನ್ನು ಸಂಪಾದಿಸಿ, 1988ರಲ್ಲಿ ಅಲ್ಲಿಯ ಪೌರರಾದರು. ‘ಶ್ರೀ’ ಎಂಬುದು ಗೌರವದ ಮಾತಲ್ಲ, ಅವರ ಹೆಸರೇ ಅದು. 2018ರಲ್ಲಿ ಅವರು ಮಿಷಿಗನ್ ರಾಜ್ಯದ ಗವರ್ನರರಾಗಬೇಕೆಂದು ಡೆಮಾಕ್ರಟಿಕ್ ಪಕ್ಷದ ಕಡೆಯಿಂದ ಪ್ರಯತ್ನಿಸಿದರು. ಇಲ್ಲಿ ವಾಚಕರು ಗಮನಿಸತಕ್ಕ ವಿಷಯವೊಂದುಂಟು. ನಮ್ಮಲ್ಲಿ ಚುನಾವಣೆಯ ಟಿಕೇಟು ಬೇಕಾದವನು ಬೆಂಗಳೂರಿಗೂ ದಿಲ್ಲಿಗೂ ಓಡಾಡುತ್ತಾನೆ. ಹೋಟೆಲಿನಲ್ಲಿ ಕೋಣೆಯನ್ನು ಹಿಡಿದು ವಾರಗಟ್ಟಲೆ ಕಾಯುತ್ತಾನೆ. ಅಲ್ಲಿ ಟಿಕೇಟನ್ನು ಕೊಡುವವರು ಸಾಮಾನ್ಯ ಮತದಾರರು. ಮುಖ್ಯ ಚುನಾವಣೆಗೆ ಕೆಲವು ತಿಂಗಳು ಮುಂಚಿತವಾಗಿ ಪ್ರತಿಯೊಂದು ಪಕ್ಷಕ್ಕೂ ಒಂದು ಒಳಚುನಾವಣೆಯು ಸರ್ಕಾರದ ಖರ್ಚಿನಲ್ಲಿಯೇ ನಡೆಯುತ್ತದೆ. ಅದರಲ್ಲಿ ಗೆದ್ದವನೇ ಪಕ್ಷದ ಅಭ್ಯರ್ಥಿ. ನಾಯಕರಿಗೆ ಅವನು ಬೇಡವಾಗಿದ್ದರೂ ಅವನೇ. ಠಾಣೇದಾರರು ಸ್ವಂತ ಹಣವನ್ನು ಧಾರಾಳವಾಗಿ ಸುರಿದರೂ ಆ ಒಳಚುನಾವಣೆಯಲ್ಲಿ ಮೂರನೆಯವರಾದರು. ಆದರೂ ಬಿಡದೆ 2020ರಲ್ಲಿ ರಾಜ್ಯದ ಕೆಳಮನೆಗೆ ಚುನಾಯಿತರಾಗಿ, 2022ರಲ್ಲಿ ಡೆಟ್ರಾಯಿಟ್ ನಗರದ ಬಹುಭಾಗವು ಸೇರಿದ ಕ್ಷೇತ್ರದಿಂದ ದೇಶದ ಪ್ರತಿನಿಧಿಸಭೆಗೇ ಹೋದರು. ಆ ಸಲದ ಒಳಚುನಾವಣೆಯಲ್ಲಿ ಅನೇಕರು ನಿಂತಿದ್ದುದರಿಂದ ಮತಗಳು ಹಂಚಿಹೋಗಿ, ಮೂರರಲ್ಲೊಂದು ಪಾಲಿಗಿಂತಲೂ ಕಡಿಮೆ ಮತಗಳನ್ನು ಪಡೆದೇ ಅವರು ಗೆದ್ದರು. ಟಿಕೇಟು ಹಂಚುವ ದೊರೆಯಿಲ್ಲದಿರುವುದು ದೊಡ್ಡ ಗುಣವೇ. ಆದರೆ ಹಣವಂತನಿಗೆ ಅದು ಬಾಗಿಲನ್ನು ಅಗಲವಾಗಿ ತೆರೆಯುವುದೂ ದಿಟ.

ಇದೇ ಠಾಣೇದಾರರು 2025ರ ಏಪ್ರಿಲಿನಲ್ಲಿ ಅಧ್ಯಕ್ಷ ಟ್ರಂಪರ ಮೇಲೆ ದೋಷಾರೋಪಣೆಯ ನಿರ್ಣಯವನ್ನು ಮಂಡಿಸಿದರು. ಅವರ ಪಕ್ಷದ ನಾಯಕರಿಗೇ ಅದು ಹಿಡಿಸಲಿಲ್ಲ. ಮೇ ತಿಂಗಳಲ್ಲಿ ಅದನ್ನು ಮತಕ್ಕೆ ಹಾಕಿಸುವ ಹಟವನ್ನು ಅವರು ಬಿಟ್ಟರು. ಆ ನಿರ್ಣಯದ ಗುಣದೋಷವು ನಮಗೆ ಪ್ರಕೃತವಲ್ಲ. ಬೆಳಗಾವಿಯಲ್ಲಿ ಬೆಳೆದವನೊಬ್ಬನು ಪಕ್ಷದ ಅಪ್ಪಣೆಯನ್ನು ಕೇಳದೆ ದೇಶದ ಅಧ್ಯಕ್ಷನ ಮೇಲೆ ಆರೋಪಪತ್ರವನ್ನು ತರಬಹುದೆಂಬುದೂ, ತಂದ ಮಾತ್ರಕ್ಕೆ ಏನೂ ಆಗದೆಂಬುದೂ ಒಂದೇ ಪದ್ಧತಿಯ ಎರಡು ಮುಖಗಳು.

ಪಕ್ಷದ ಅಪ್ಪಣೆಯೆಂದೆವಷ್ಟೆ. ನಮ್ಮಲ್ಲಿ 1985ರ ತಿದ್ದುಪಡಿಯಿಂದ, ಪಕ್ಷದ ವಿಪ್ಪನ್ನು ಮೀರಿ ಮತ ಕೊಟ್ಟ ಶಾಸಕನು ತನ್ನ ಸ್ಥಾನವನ್ನೇ ಕಳೆದುಕೊಳ್ಳಬಹುದು. ಅಲ್ಲಿ ಅಂತಹ ಶಿಕ್ಷೆಯಿಲ್ಲ. 2001ರಲ್ಲಿ ಜೆಫರ್ಡ್ಸ್ ಎಂಬ ಒಬ್ಬ ಸೆನೆಟರರು ತಮ್ಮ ಪಕ್ಷವನ್ನು ಬಿಟ್ಟುದರಿಂದಲೇ ಸೆನೆಟ್ ಸಭೆಯ ಬಹುಮತವು ಎದುರು ಪಕ್ಷದ ಕೈಗೆ ಹೋಯಿತು. ಅವರ ಸ್ಥಾನವು ಅವರಿಗೇ ಉಳಿಯಿತು. ಇಂತಹ ಸ್ವಾತಂತ್ರ್ಯದ ಬಿಸಿಯು ಒಬ್ಬ ಕನ್ನಡಿಗರ ಮನೆತನಕ್ಕೂ ತಗಲಿದೆ. ಮಂಡ್ಯ ಜಿಲ್ಲೆಯ ಹಲ್ಲೆಗೆರೆಯ ಮೂಲದವರಾದ ವೈದ್ಯ ವಿವೇಕ್ ಮೂರ್ತಿಯವರನ್ನು ಅಧ್ಯಕ್ಷ ಒಬಾಮರು 2013ರ ನವೆಂಬರಿನಲ್ಲಿ ದೇಶದ ಸರ್ಜನ್ ಜನರಲ್ ಹುದ್ದೆಗೆ ಸೂಚಿಸಿದರು. ಅಲ್ಲಿ ಅಧ್ಯಕ್ಷನು ತನ್ನ ಮಂತ್ರಿಗಳನ್ನೂ ದೊಡ್ಡ ಅಧಿಕಾರಿಗಳನ್ನೂ ಸಭೆಯ ಹೊರಗಿನಿಂದ ಆರಿಸುತ್ತಾನೆ. ಆದರೆ ಸೆನೆಟ್ಟಿನ ಸಮ್ಮತಿ ಬೇಕು. ಬಂದೂಕಗಳಿಂದಾಗುವ ಸಾವುನೋವುಗಳೂ ಆರೋಗ್ಯದ ಪ್ರಶ್ನೆಯೇ ಎಂದು ಮೂರ್ತಿಯವರು ಹಿಂದೆ ಆಡಿದ್ದ ಮಾತನ್ನು ಹಿಡಿದು ಬಂದೂಕುದಾರರ ಪ್ರಬಲವಾದ ಸಂಘವು ವಿರೋಧಿಸಿತು. ಸೆನೆಟ್ಟಿನಲ್ಲಿ ಅಧ್ಯಕ್ಷರ ಪಕ್ಷಕ್ಕೇ ಬಹುಮತವಿತ್ತು. ಆದರೂ ಆ ಪಕ್ಷದ ಕೆಲವರು ತಮ್ಮ ತಮ್ಮ ಮತದಾರರಿಗೆ ಅಂಜಿ ಹಿಂಜರಿದರು. ಹದಿಮೂರು ತಿಂಗಳು ಕಾದು, 2014ರ ಡಿಸೆಂಬರಿನಲ್ಲಿ 51ಕ್ಕೆ 43 ಮತಗಳಿಂದ ನೇಮಕವು ಸ್ಥಿರವಾಯಿತು. ನಮ್ಮ ಪ್ರಧಾನಮಂತ್ರಿಗಳು ಒಬ್ಬ ವೈದ್ಯಾಧಿಕಾರಿಯನ್ನು ನೇಮಿಸುವುದಕ್ಕೆ ಹದಿಮೂರು ತಿಂಗಳು ತಮ್ಮ ಪಕ್ಷದವರಿಗೇ ಕೈಮುಗಿಯುವುದನ್ನು ಕಲ್ಪಿಸಿಕೊಳ್ಳುವುದೂ ಕಷ್ಟ.

ಇಷ್ಟನ್ನು ಓದಿದ ಮೇಲೆ ಮೋಮಿನಪುರದ ಎರಡನೆಯ ಪ್ರಶ್ನೆಗೆ ನಮ್ಮ ಅಭಿಪ್ರಾಯವನ್ನು ಸಂಕೋಚದಿಂದಲೇ ಹೇಳುತ್ತೇವೆ. ವೀರೇಂದ್ರ ಪಾಟೀಲರ ವಿಷಯದಲ್ಲಿ ಅಮೆರಿಕಾದ ರೀತಿಯೇ ಮೇಲೆಂದು ತೋರುತ್ತದೆ. ಜನರು ಕೊಟ್ಟುದನ್ನು ಜನರ ಪ್ರತಿನಿಧಿಗಳನ್ನಾದರೂ ಕೇಳದೆ ಕಿತ್ತುಕೊಳ್ಳುವುದು ಯಾವ ನ್ಯಾಯಕ್ಕೂ ಒಪ್ಪದು. ಧರಮ್ ಸಿಂಗ್ ಅವರ ವಿಷಯದಲ್ಲಿ ಹಾಗೆ ಹೇಳಲಾರೆವು. ಸಭೆಗೂ ಸರ್ಕಾರಕ್ಕೂ ಸಂಬಂಧವು ಕಡಿದುಹೋದಾಗ ಇಬ್ಬರೂ ಸ್ಥಾನಗಳಲ್ಲಿಯೇ ಉಳಿದರೆ ಏನಾಗುವುದೆಂಬುದನ್ನು ಅಮೆರಿಕಾದವರು ತಾವೇ ಅನುಭವಿಸುತ್ತಿದ್ದಾರೆ. ನಮ್ಮಲ್ಲಿ ಹಣದ ಮಸೂದೆಯು ಬಿದ್ದುಹೋದರೆ ಸರ್ಕಾರವೂ ಬೀಳುತ್ತದೆ, ಇನ್ನೊಂದು ಏಳುತ್ತದೆ. ಅಲ್ಲಿ ಯಾರೂ ಬೀಳುವುದಿಲ್ಲವಾದುದರಿಂದ ಕಚೇರಿಗಳೇ ಮುಚ್ಚುತ್ತವೆ. ಹಣದ ಮಂಜೂರಾತಿಯಿಲ್ಲದೆ 2018ರ ಡಿಸೆಂಬರಿನಿಂದ 2019ರ ಜನವರಿಯವರೆಗೆ 35 ದಿನ, ಮತ್ತು 2025ರ ಅಕ್ಟೋಬರ್ 1ರಿಂದ 43 ದಿನ ಕೇಂದ್ರ ಸರ್ಕಾರದ ಅನೇಕ ಕಚೇರಿಗಳು ನಿಂತುವು. ಲಕ್ಷಾಂತರ ನೌಕರರಿಗೆ ಆ ದಿನಗಳಲ್ಲಿ ಸಂಬಳವು ಕೈಸೇರಲಿಲ್ಲ. ತಿಂಗಳ ಸಂಬಳದಲ್ಲಿ ಮನೆಯನ್ನು ತೂಗಿಸುವ ಗೃಹಿಣಿಯರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಾಗದದ ಕೊನೆಯಲ್ಲಿ ಎರಡು ಸಣ್ಣ ಪ್ರಶ್ನೆಗಳಿದ್ದುವು. ಹೆಚ್ಚು ಮತ ಪಡೆದವನೂ ಅಧ್ಯಕ್ಷ ಚುನಾವಣೆಯಲ್ಲಿ ಸೋಲುವುದೆಂತೆಂಬುದು ಒಂದು. ಅಲ್ಲಿ ಪ್ರತಿ ರಾಜ್ಯಕ್ಕೂ ಇಷ್ಟೆಂದು ನಿರ್ವಾಚಕರಿದ್ದಾರೆ. ಒಟ್ಟು 538, ಗೆಲ್ಲುವುದಕ್ಕೆ 270 ಬೇಕು. 48 ರಾಜ್ಯಗಳಲ್ಲಿ ಒಂದೇ ಮತ ಹೆಚ್ಚಾದರೂ ಆ ರಾಜ್ಯದ ಎಲ್ಲ ನಿರ್ವಾಚಕರೂ ಗೆದ್ದವನ ಪಾಲು. ಇದರಿಂದ 2000ದಲ್ಲಿ ಅಲ್ ಗೋರ್, 2016ರಲ್ಲಿ ಹಿಲರಿ ಕ್ಲಿಂಟನ್ ಹೆಚ್ಚು ಮತ ಪಡೆದೂ ಸೋತರು. ನಾವು ಇದನ್ನು ಕಂಡು ನಗುವಂತಿಲ್ಲ. 2018ರ ನಮ್ಮ ವಿಧಾನಸಭಾ ಚುನಾವಣೆಯಲ್ಲಿ ನೂರಕ್ಕೆ 38ರಷ್ಟು ಮತ ಪಡೆದ ಕಾಂಗ್ರೆಸಿಗಿಂತ 36ರಷ್ಟನ್ನು ಪಡೆದ ಭಾರತೀಯ ಜನತಾ ಪಕ್ಷಕ್ಕೆ ಹೆಚ್ಚು ಸ್ಥಾನಗಳು ಬಂದಿದ್ದುವು.

ಇನ್ನೊಂದು, ನಮ್ಮ 371 ಜೆ ವಿಧಿಯಂತಹದು ಅಲ್ಲಿ ಹಿಂದುಳಿದ ಪ್ರದೇಶಗಳಿಗೆ ಇದೆಯೇ ಎಂಬುದು. ಮಹನೀಯರು ಹುಟ್ಟಿದಾಗ ಕಲಬುರಗಿಯು ನಿಜಾಮರ ಹೈದರಾಬಾದಿನಲ್ಲಿತ್ತು. ಆ ಸಂಸ್ಥಾನವು 1948ರ ಸೆಪ್ಟೆಂಬರಿನಲ್ಲಿ ಭಾರತದೊಳಗೆ ಸೇರಿತು. 1956ರ ನವೆಂಬರ್ 1ರಂದು ಕಲಬುರಗಿಯು ಮೈಸೂರು ರಾಜ್ಯಕ್ಕೆ ಬಂದಿತು. ಆ ಭಾಗದವರು ಶಿಕ್ಷಣದಲ್ಲಿಯೂ ಉದ್ಯೋಗದಲ್ಲಿಯೂ ಮೀಸಲಾತಿಯನ್ನು ಸಂವಿಧಾನದ ಮೂಲಕ ಪಡೆಯುವುದಕ್ಕೆ 2012ರ ಡಿಸೆಂಬರಿನ ತನಕ ಕಾದರು. ಆಗ 98ನೆಯ ತಿದ್ದುಪಡಿಗೆ ಸಂಸತ್ತು ಒಪ್ಪಿಗೆಯನ್ನು ಕೊಟ್ಟಿತು. ಅಮೆರಿಕಾದಲ್ಲಾಗಿದ್ದರೆ ಇನ್ನೂ ಕಾಯಬೇಕಾಗುತ್ತಿತ್ತೇನೋ. ಅಲ್ಲಿ ತಿದ್ದುಪಡಿಗೆ ಎರಡೂ ಮನೆಗಳ ಮೂರರಲ್ಲೆರಡು ಪಾಲು ಒಪ್ಪಿ, ಬಳಿಕ 38 ರಾಜ್ಯಗಳೂ ಒಪ್ಪಬೇಕು. 1789ರಿಂದ ಇಂದಿನವರೆಗೆ ಆಗಿರುವುವು 27. ಅವುಗಳಲ್ಲಿ ಕೊನೆಯದು, 1789ರಲ್ಲಿ ಸೂಚಿತವಾದುದು, 1992ರಲ್ಲಿ ಪೂರ್ತಿಯಾಯಿತು. ಆದರೆ ಸಣ್ಣ ರಾಜ್ಯಗಳಿಗೆ ಒಂದು ಬಲವಾದ ಅನುಕೂಲವು ಮೊದಲಿನಿಂದಲೇ ಉಂಟು: ಸೆನೆಟ್ಟಿನಲ್ಲಿ ದೊಡ್ಡದು ಚಿಕ್ಕದೆನ್ನದೆ ಪ್ರತಿ ರಾಜ್ಯಕ್ಕೂ ಇಬ್ಬರು. 2020ರ ಗಣತಿಯಲ್ಲಿ ವಯೋಮಿಂಗ್ ಎಂಬ ಇಡೀ ರಾಜ್ಯದ ಜನಸಂಖ್ಯೆಯು 5,76,851. 2011ರಲ್ಲಿಯೇ ಐದು ಲಕ್ಷವನ್ನು ದಾಟಿದ್ದ ಕಲಬುರಗಿ ನಗರಕ್ಕಿಂತ ಅದೇನೂ ಬಹಳ ದೊಡ್ಡದಲ್ಲ. ಅದಕ್ಕೆ ಇಬ್ಬರು ಸೆನೆಟರರು. ಸುಮಾರು ನಾಲ್ಕು ಕೋಟಿ ಜನರಿರುವ ಕ್ಯಾಲಿಫೋರ್ನಿಯಾಕ್ಕೂ ಇಬ್ಬರೇ. ನಮ್ಮ ರಾಜ್ಯಸಭೆಯಲ್ಲಾದರೋ ಉತ್ತರ ಪ್ರದೇಶಕ್ಕೆ 31, ಕರ್ನಾಟಕಕ್ಕೆ 12.

ಮಹನೀಯರು ಕಾಗದದೊಡನೆ, ಮೊಮ್ಮಗನು ಕಳುಹಿಸಿದ್ದ 2022ರ ನವೆಂಬರಿನ ಮಾದರಿ ಮತಪತ್ರದ ಪ್ರತಿಯನ್ನೂ ಇಟ್ಟಿದ್ದಾರೆ. ಅದೊಂದು ಮತಪತ್ರವಲ್ಲ, ಸಣ್ಣ ಪುಸ್ತಕವೇ ಸರಿ. ಗವರ್ನರನು, ಅವನಿಂದ ಬೇರೆಯಾಗಿಯೇ ಚುನಾಯಿತನಾಗುವ ಉಪಗವರ್ನರನು, ಸರ್ಕಾರದ ಮುಖ್ಯ ವಕೀಲನು, ಲೆಕ್ಕದವನು, ಸರ್ಕಾರಿ ಭೂಮಿಯವನು, ವ್ಯವಸಾಯದವನು, ಅದಾದ ಮೇಲೆ ಸಾಲುಸಾಲಾಗಿ ನ್ಯಾಯಾಧೀಶರು. ಇವರಲ್ಲಿ ಯಾರೂ ಗವರ್ನರನ ಕೃಪೆಯಿಂದ ಬಂದವರಲ್ಲ. ಗವರ್ನರನು ಇವರನ್ನು ತೆಗೆಯಲಾರನು. ನಡುವೆ ‘ರೈಲುರಸ್ತೆಯ ಕಮಿಷನರ್’ ಎಂಬ ಹುದ್ದೆಯನ್ನು ಕಂಡು ಮೋಮಿನಪುರದ ಕಟ್ಟೆಯವರಿಗೆ ಬಹಳ ಆನಂದವಾಯಿತಂತೆ. ಕಲಬುರಗಿಗೆ ಪ್ರತ್ಯೇಕ ರೈಲ್ವೆ ವಿಭಾಗವು ಬರುವುದೆಂದು ವರುಷಗಳಿಂದ ಕೇಳುತ್ತಲೇ ಬಂದಿರುವ ಅವರು, ಇಂತಹ ಕಮಿಷನರನನ್ನು ನಮಗೂ ಆರಿಸಲು ಬಿಟ್ಟಿದ್ದರೆ ಕೆಲಸವು ಎಂದೋ ಆಗುತ್ತಿತ್ತಲ್ಲವೇ ಎಂದು ಕೇಳಿದ್ದಾರೆ. ಅವರ ಆನಂದವನ್ನು ಕೆಡಿಸುವುದಕ್ಕೆ ನಮಗೆ ಮನಸ್ಸಿಲ್ಲ. ಆದರೆ ಟೆಕ್ಸಾಸಿನ ಆ ಕಮಿಷನರರ ಕೈಯಲ್ಲಿ ಈಗ ಇರುವುದು ಎಣ್ಣೆಬಾವಿಗಳ ಮತ್ತು ಅನಿಲದ ಕೊಳವೆಗಳ ಮೇಲ್ವಿಚಾರಣೆ. ರೈಲುಗಳ ಅಧಿಕಾರವು ಅವರಿಂದ ಹೋಗಿ ಎಷ್ಟೋ ಕಾಲವಾಯಿತು. ಹಳೆಯ ಹೆಸರನ್ನು ಬದಲಾಯಿಸಲು ಅಲ್ಲಿಯವರಿಗೆ ಇನ್ನೂ ಒಮ್ಮತವಾಗಿಲ್ಲ.

ಆ ಮತಪತ್ರದಲ್ಲಿಯ ನ್ಯಾಯಾಧೀಶರ ಸಾಲು ನಮ್ಮನ್ನು ಬಹಳ ಹೊತ್ತು ಕಾಡಿತು. ಪಕ್ಷದ ಹೆಸರನ್ನು ಹೊತ್ತು ಮತಯಾಚನೆ ಮಾಡಿ ಬಂದ ನ್ಯಾಯಾಧೀಶನ ಮುಂದೆ ಎದುರು ಪಕ್ಷದ ಕಕ್ಷಿದಾರನು ಯಾವ ಧೈರ್ಯದಿಂದ ನಿಲ್ಲುವನೆಂಬುದನ್ನು ಮುಂದಿನ ತಿಂಗಳ ಪುಟದಲ್ಲಿ ವಿಚಾರಿಸುವೆವು. ಅಷ್ಟರೊಳಗೆ ಹ್ಯೂಸ್ಟನ್ನಿನ ಮೊಮ್ಮಗನು, ತಾನು ಆ ಸಾಲುಗಳಲ್ಲಿ ಎಷ್ಟು ಹೆಸರುಗಳನ್ನು ನಿಜವಾಗಿ ಅರಿತು ಗುರುತು ಹಾಕಿದನೆಂಬುದನ್ನು ತನ್ನ ನಾನಾ ಅವರಿಗೆ ತಿಳಿಸಿದರೆ ನಮಗೂ ಉಪಕಾರವಾಗುವುದು.